ಐದು ಲೀಟರಿನ ಆಕ್ಸಿಜನ್ ಮಷೀನು: ಸಿಒಪಿಡಿ ರೋಗಿಯ ಮಿದುಳಿಗೆ ಎಷ್ಟು ಒದಗುತ್ತದೆ?

ಮಂಚದ ಪಕ್ಕ ನಿಲ್ಲುವ, 14ರಿಂದ 16 ಕೆಜಿ ತೂಗುವ, ಗೋಡೆಯ ಪ್ಲಗ್ಗಿಗೆ ಹಾಕಿ ನಡೆಸುವ, ಕೋಣೆಯ ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ನಿಮಿಷಕ್ಕೆ ಐದು ಲೀಟರ್‌ವರೆಗೆ ಕೊಡುವ ಆಕ್ಸಿಜನ್ ಕಾನ್ಸಂಟ್ರೇಟರ್ ಈ ವಿಮರ್ಶೆಯ ವಸ್ತು. ಅಂಗಡಿಯವರು ಇದನ್ನು ಮಾರುವಾಗ ಸದ್ದು, ಕರೆಂಟು, ವಾರಂಟಿಯ ಮಾತಾಡುತ್ತಾರೆ. ಮನೆಯವರು ಕೇಳುವುದೂ ಅದನ್ನೇ. ಆದರೆ ವರ್ಷಗಟ್ಟಲೆ ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ರೋಗ) ಇರುವವರಲ್ಲಿ ಇನ್ನೊಂದು ತೊಂದರೆಯೂ ನಿಧಾನವಾಗಿ ಬೆಳೆದಿರುತ್ತದೆ. ಚಿಲ್ಲರೆ ಲೆಕ್ಕ ತಪ್ಪುತ್ತದೆ, ಬೆಳಿಗ್ಗೆ ಹೇಳಿದ್ದು ಸಂಜೆಗೆ ನೆನಪಿರುವುದಿಲ್ಲ, ಒಂದು ಕೆಲಸದ ನಡುವೆ ಇನ್ನೊಂದು ಬಂದರೆ ಮೊದಲನೆಯದು ಅರ್ಧಕ್ಕೇ ನಿಲ್ಲುತ್ತದೆ. ವಯಸ್ಸಾಯಿತು, ಅರಳುಮರಳು ಎಂದು ಮನೆಯವರು ಸುಮ್ಮನಾಗುತ್ತಾರೆ. ಮಷೀನನ್ನು ಇಲ್ಲಿ ತೂಗಿ ನೋಡಿರುವುದು ಆ ತೊಂದರೆಯನ್ನು ಮುಂದಿಟ್ಟುಕೊಂಡು.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ರಕ್ತದಲ್ಲಿ ಆಕ್ಸಿಜನ್ ನಿಜವಾಗಿ ಕಡಿಮೆಯಿರುವವರು ದಿನಕ್ಕೆ 15 ಗಂಟೆಗೆ ಕಮ್ಮಿಯಾಗದಂತೆ, ವೈದ್ಯರು ಬರೆದ ಹರಿವಿನಲ್ಲಿ (ನಿಮಿಷಕ್ಕೆ ಇಷ್ಟು ಲೀಟರ್ ಎಂಬ ಲೆಕ್ಕದಲ್ಲಿ) ಬಳಸಿದರೆ ಕೊಟ್ಟ ಹಣಕ್ಕೆ ಮೋಸವಿಲ್ಲ. ಮಿದುಳಿಗೆ ಸಿಗುವ ಲಾಭ ಸಾಧಾರಣ ಮಟ್ಟದ್ದು, ಆದರೆ ನಿಜವಾದದ್ದು. ಏದುಸಿರು ಬರುತ್ತದೆ ಎಂಬ ಒಂದೇ ಕಾರಣಕ್ಕೆ ತಂದರೆ ದುಡ್ಡು ದಂಡ. ಇನ್ನು ಮನೆಯವರೇ ಹರಿವು ಏರಿಸಿದರೆ, ಯಾವ ಮಿದುಳನ್ನು ಕಾಪಾಡಲು ತಂದೆವೋ ಅದಕ್ಕೇ ಅಪಾಯ.

ಮಿದುಳು ದೇಹದ ತೂಕದಲ್ಲಿ ಸುಮಾರು 2% ಅಷ್ಟೇ. ವಿಶ್ರಾಂತಿಯಲ್ಲಿರುವಾಗ ದೇಹ ಬಳಸುವ ಆಕ್ಸಿಜನ್‌ನಲ್ಲಿ ಸುಮಾರು 20% ಅದಕ್ಕೆ ಬೇಕು, ಕೂಡಿಟ್ಟುಕೊಳ್ಳುವ ಶಕ್ತಿಯೂ ಅದಕ್ಕಿಲ್ಲ. ಕೊರತೆ ತಿಂಗಳುಗಟ್ಟಲೆ ಮುಂದುವರಿದಾಗ ಮೊದಲು ಕುಂದುವುದು ಗಮನ, ಯೋಚನೆಯ ವೇಗ, ಕೆಲಸವನ್ನು ಹಂತಹಂತವಾಗಿ ಜೋಡಿಸಿಕೊಳ್ಳುವ ಶಕ್ತಿ, ಹೊಸ ವಿಷಯವನ್ನು ನೆನಪಿನಲ್ಲಿ ಕೂರಿಸುವ ಶಕ್ತಿ. ಮಾತು ಸ್ಪಷ್ಟವಾಗಿಯೇ ಇರುತ್ತದೆ, ಹಳೆಯ ಸಂಗತಿಗಳೆಲ್ಲ ನೆನಪಿರುತ್ತವೆ. ಹಾಗಾಗಿ ಹತ್ತು ನಿಮಿಷ ಮಾತಾಡಿಸಿ ಹೋಗುವ ನೆಂಟರಿಗೆ ಏನೂ ಗೊತ್ತಾಗುವುದಿಲ್ಲ.

ಇದು ಎಷ್ಟು ಸಾಮಾನ್ಯ ಎನ್ನುವುದಕ್ಕೆ ಹಳೆಯದಾದರೂ ಗಟ್ಟಿ ಆಧಾರವಿದೆ. ಉತ್ತರ ಅಮೆರಿಕದ ಆರು ಕೇಂದ್ರಗಳಲ್ಲಿ ನಡೆದು 1980ರಲ್ಲಿ ಪ್ರಕಟವಾದ ನಾಟ್ (NOTT) ಎಂಬ ಆಕ್ಸಿಜನ್ ಚಿಕಿತ್ಸೆಯ ಅಧ್ಯಯನದಲ್ಲಿ ಆಕ್ಸಿಜನ್ ಕೊರತೆಯಿದ್ದ 203 ಸಿಒಪಿಡಿ ರೋಗಿಗಳಿದ್ದರು. ಇವರ ಮಿದುಳಿನ ಸಾಮರ್ಥ್ಯವನ್ನು ವಿವರವಾಗಿ ಪರೀಕ್ಷಿಸಿದಾಗ 42% ಜನರಲ್ಲಿ ಮಧ್ಯಮದಿಂದ ತೀವ್ರ ಮಟ್ಟದ ಕುಂದು ಕಂಡಿತು. ಹೋಲಿಕೆಗೆ ತೆಗೆದುಕೊಂಡ ರೋಗವಿಲ್ಲದವರಲ್ಲಿ ಅದು 14% ಇತ್ತು. ಆರು ತಿಂಗಳು ಆಕ್ಸಿಜನ್ ಕೊಟ್ಟ ಮೇಲೆ ಮರುಪರೀಕ್ಷೆ ಮಾಡಿದಾಗ ಸ್ವಲ್ಪ ಮಟ್ಟಿನ ಸುಧಾರಣೆ ದಾಖಲಾಯಿತು. ವರ್ಷ ಕಳೆದ ಮೇಲೆ ಪರೀಕ್ಷಿಸಿದ ಸಣ್ಣ ಗುಂಪಿನಲ್ಲಿ, ರಾತ್ರಿ ಮಾತ್ರ ಆಕ್ಸಿಜನ್ ಪಡೆದವರಿಗಿಂತ ಹಗಲೂ ರಾತ್ರಿ ಪಡೆದವರು ಮುಂದಿದ್ದರು. ಉತ್ತರ ಕ್ಯಾಲಿಫೋರ್ನಿಯಾದ 1,202 ಸಿಒಪಿಡಿ ರೋಗಿಗಳ ಮೇಲೆ 2010ರಲ್ಲಿ ಬಂದ ವರದಿಯೂ ಇದಕ್ಕೆ ಹೊಂದುತ್ತದೆ: ರಕ್ತದ ಆಕ್ಸಿಜನ್ ಮಟ್ಟ (ಆಕ್ಸಿಮೀಟರ್ ತೋರಿಸುವ ಅಂಕಿ) 88% ಅಥವಾ ಅದಕ್ಕಿಂತ ಕೆಳಗಿದ್ದವರಲ್ಲಿ ಬುದ್ಧಿಶಕ್ತಿಯ ಕುಂದು ಹೆಚ್ಚು, ಮನೆಯಲ್ಲಿ ನಿಯಮಿತವಾಗಿ ಆಕ್ಸಿಜನ್ ಬಳಸುತ್ತಿದ್ದವರಲ್ಲಿ ಕಡಿಮೆ. ಇದು ಗಮನಿಸಿ ಬರೆದ ಲೆಕ್ಕವೇ ಹೊರತು ಚಿಕಿತ್ಸೆಯ ಪ್ರಯೋಗವಲ್ಲ, ಆದ್ದರಿಂದ ಅದಕ್ಕೆ ಅಷ್ಟೇ ತೂಕ ಕೊಡಬೇಕು.

ಕೊರತೆಯೊಂದೇ ಕಾರಣವೂ ಅಲ್ಲ. ಬೀಡಿ-ಸಿಗರೇಟು ಮಿದುಳಿನ ಸಣ್ಣ ರಕ್ತನಾಳಗಳನ್ನೂ ಹಾಳುಮಾಡುತ್ತದೆ. ರೋಗದಿಂದ ಮೈಯೆಲ್ಲ ಹರಡುವ ಉರಿಯೂತ, ಮುರಿದ ನಿದ್ದೆ, ಖಿನ್ನತೆ, ಓಡಾಟವಿಲ್ಲದ ಬದುಕು ಎಲ್ಲವೂ ಸೇರಿಕೊಳ್ಳುತ್ತವೆ. ಮಷೀನು ಸರಿಪಡಿಸಬಲ್ಲದ್ದು ಇವುಗಳಲ್ಲಿ ಒಂದನ್ನು ಮಾತ್ರ. ಹಚ್ಚಿದ ವಾರದಲ್ಲೇ ನೆನಪು ಮರಳುತ್ತದೆ ಎಂದು ಯಾವ ಮಾರಾಟಗಾರರಾದರೂ ಹೇಳಿದರೆ ನಂಬಬೇಡಿ.

ಹಾಗಾದರೆ ಯಾರು ತರಬೇಕು? ಇದನ್ನು ತೀರ್ಮಾನಿಸುವುದು ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್ ಅಲ್ಲ, ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆದು ಮಾಡುವ ಎಬಿಜಿ ಪರೀಕ್ಷೆ. ರೋಗ ಉಲ್ಬಣಗೊಳ್ಳದೆ ಸ್ಥಿರವಾಗಿರುವಾಗ, ಆಕ್ಸಿಜನ್ ತೆಗೆದು ಅರ್ಧ ಗಂಟೆ ಕೋಣೆಯ ಗಾಳಿಯಲ್ಲೇ ಕೂರಿಸಿ ರಕ್ತ ತೆಗೆಯಬೇಕು. ರಕ್ತದಲ್ಲಿ ಆಕ್ಸಿಜನ್ ಒತ್ತಡ 55 ಎಂಎಂ (ಪಾದರಸದ ಮಿಲಿಮೀಟರ್) ಅಥವಾ ಅದಕ್ಕಿಂತ ಕೆಳಗಿದ್ದರೆ ಮಷೀನು ಬೇಕು. 55ರಿಂದ 60ರ ನಡುವೆ ಇದ್ದು, ಕಾಲು ಬಾತಿದ್ದರೆ, ಹೃದಯದ ಬಲಭಾಗಕ್ಕೆ ಭಾರ ಬಿದ್ದಿದ್ದರೆ ಅಥವಾ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) 55% ದಾಟಿದ್ದರೆ ಆಗಲೂ ಬೇಕು. ಆಕ್ಸಿಮೀಟರ್ ಸಾಮಾನ್ಯವಾಗಿ 2-3 ಅಂಕ ಆಚೀಚೆ ತೋರಿಸುತ್ತದೆ, ಕಪ್ಪು ಮೈಬಣ್ಣದವರಲ್ಲಿ ಇರುವುದಕ್ಕಿಂತ ಹೆಚ್ಚು ತೋರಿಸುವ ಸಂಭವವಿದೆ. ಗಾಢ ನೇಲ್ ಪಾಲಿಶ್, ಕಪ್ಪು ಮೆಹಂದಿ, ತಣ್ಣಗಾದ ಬೆರಳು ಇದ್ದರೂ ಅಂಕಿ ತಪ್ಪುತ್ತದೆ. ಇನ್ನೂ ದೊಡ್ಡ ಮೋಸ ಹೊಗೆಯದ್ದು. ಬೀಡಿ ಸೇದಿದವರ, ಸೌದೆ ಒಲೆಯ ಮುಂದೆ ಕೂತೆದ್ದವರ ರಕ್ತದಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಆಕ್ಸಿಮೀಟರ್ ಅದನ್ನೂ ಆಕ್ಸಿಜನ್ ಎಂದೇ ಓದಿ 95 ತೋರಿಸುತ್ತದೆ.

ಒಲೆಯ ಹೊಗೆ ನಮ್ಮ ಕಡೆ ಸಣ್ಣ ವಿಷಯವಲ್ಲ. ಮೈಸೂರು ಜಿಲ್ಲೆಯ ಹಳ್ಳಿಗಳ ಹೆಂಗಸರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನ, ದಿನಕ್ಕೆ ಒಲೆಯ ಮುಂದೆ ಕಳೆವ ಗಂಟೆಗಳನ್ನು ವರ್ಷಗಳಿಂದ ಗುಣಿಸಿ ಒಂದು ಸೂಚ್ಯಂಕ ಮಾಡಿತು. ಅದು 60 ಮುಟ್ಟಿದಲ್ಲಿಂದ ದೀರ್ಘಕಾಲದ ಬ್ರಾಂಕೈಟಿಸ್‌ನ ಅಪಾಯ ಏರುತ್ತದೆ. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ ಅಡುಗೆ ಮಾಡಿದ ಅಮ್ಮನ ಲೆಕ್ಕ ಅಲ್ಲಿಗೆ ಮುಟ್ಟಿತು. ಜೀವಮಾನದಲ್ಲಿ ಬೀಡಿ ಮುಟ್ಟದ ಅಜ್ಜಿಗೆ ಸಿಒಪಿಡಿ ಎಲ್ಲಿಂದ ಬರುತ್ತದೆ ಎಂದು ಎಬಿಜಿ ಮಾಡಿಸದೆ ಬಿಡುವುದು ಸರಿಯಲ್ಲ.

ಆಕ್ಸಿಜನ್ ಸ್ವಲ್ಪ ಮಾತ್ರ ಕಡಿಮೆಯಿರುವವರಿಗೆ ಈ ಮಷೀನು ಬೇಡ. 2016ರ ಲಾಟ್ (LOTT) ಎಂಬ ಪ್ರಯೋಗದಲ್ಲಿ, ಕೂತಾಗ 89ರಿಂದ 93% ಇದ್ದ ಅಥವಾ ನಡೆದಾಗ ಮಾತ್ರ ಮಟ್ಟ ಇಳಿಯುತ್ತಿದ್ದ 738 ಜನರಿದ್ದರು. ಆಕ್ಸಿಜನ್ ಕೊಟ್ಟದ್ದರಿಂದ ಸಾವಾಗಲಿ ಆಸ್ಪತ್ರೆ ಸೇರುವುದಾಗಲಿ ಮುಂದಕ್ಕೆ ಹೋಗಲಿಲ್ಲ. ಇಂಥವರಿಗೆ ಏದುಸಿರು ಕಡಿಮೆ ಮಾಡುವುದು ಇನ್‌ಹೇಲರ್, ವ್ಯಾಯಾಮ ಮತ್ತು ಧೂಮಪಾನ ಬಿಡುವುದು. ಗಡಿಯಲ್ಲಿರುವವರು ಊರಿನ ಎತ್ತರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಂಗಳೂರಿನಲ್ಲಿ ಕೂತು 90 ಇದ್ದವರು ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಮಗಳ ಮನೆಗೆ ಹೋದರೆ ಅಂಕಿ ಇನ್ನೂ ಕೆಳಗಿಳಿಯುತ್ತದೆ.

ಮಷೀನು ಕೆಲಸ ಮಾಡುವ ಬಗೆ ತಿಳಿದಿದ್ದರೆ ಅದು ಕೆಡುವ ಬಗೆಯೂ ತಿಳಿಯುತ್ತದೆ. ಒಳಗೆ ಒಂದು ಕಂಪ್ರೆಸರ್, ಜಿಯೋಲೈಟ್ ಹರಳು ತುಂಬಿದ ಎರಡು ಉರುಳೆ, ಗಾಳಿಯನ್ನು ಸರದಿಯಂತೆ ಅವುಗಳಿಗೆ ತಿರುಗಿಸುವ ವಾಲ್ವು. ಒತ್ತಡದಲ್ಲಿ ಜಿಯೋಲೈಟ್ ನೈಟ್ರೋಜನ್ ಹಿಡಿದಿಟ್ಟುಕೊಂಡು ಆಕ್ಸಿಜನ್ ಬಿಡುತ್ತದೆ. ಒಂದು ಉರುಳೆ ತುಂಬುತ್ತಿದ್ದಂತೆ ಇನ್ನೊಂದಕ್ಕೆ ಸರದಿ, ಮೊದಲನೆಯದು ನೈಟ್ರೋಜನ್ ಹೊರಕ್ಕೆ ಬಿಡುತ್ತದೆ. ಕೆಲವು ಸೆಕೆಂಡಿಗೊಮ್ಮೆ ಕೇಳುವ ಪುಸ್ ಸದ್ದು ಅದೇ. ಹೊರಬರುವ ಗಾಳಿಯಲ್ಲಿ ಆಕ್ಸಿಜನ್ 93%, ಮೂರು ಅಂಕ ಹೆಚ್ಚು ಕಡಿಮೆ. ಸದ್ದು ಸಾಮಾನ್ಯವಾಗಿ 40ರಿಂದ 50 ಡೆಸಿಬಲ್. ನಿದ್ದೆ ಕೆಟ್ಟರೆ ಮಿದುಳಿಗೆ ಅದೂ ನಷ್ಟವೇ, ಆದ್ದರಿಂದ ಮಷೀನನ್ನು ಪಕ್ಕದ ಕೋಣೆಯಲ್ಲಿಟ್ಟು ಉದ್ದದ ಪೈಪು ಎಳೆಯಿರಿ. 15 ಮೀಟರ್‌ವರೆಗೆ ತೊಂದರೆಯಿಲ್ಲ, ಪೈಪು ಮಡಚಿಕೊಳ್ಳದಂತೆ, ಬಾಗಿಲಿಗೆ ಸಿಕ್ಕದಂತೆ, ಕಾಲಿಗೆ ತೊಡರದಂತೆ ಗೋಡೆಯಂಚಿಗೆ ಹಾಸಿದರಾಯಿತು.

ಜಿಯೋಲೈಟ್‌ಗೆ ತೇವವೇ ಶತ್ರು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮೂಲೆಯಲ್ಲಿ ಕೂತ ಮಷೀನು ಆನ್ ಆಗುತ್ತದೆ, ಹರಿವು ತೋರಿಸುವ ಕೊಳವೆಯಲ್ಲಿ (ಫ್ಲೋಮೀಟರ್) ಗುಂಡು ಏರುತ್ತದೆ, ಮೂಗಿಗೆ ಗಾಳಿಯೂ ಬರುತ್ತದೆ. ಆದರೆ ಅದರಲ್ಲಿ ಆಕ್ಸಿಜನ್ 60-70% ಅಷ್ಟೇ ಇರಬಹುದು. 2021ರ ಕೋವಿಡ್ ಅಲೆಯಲ್ಲಿ ಬಂದ ಎಷ್ಟೋ ಮಷೀನುಗಳು ಈಗ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿವೆ. ಅವುಗಳಲ್ಲಿ ಕೆಲವಂತೂ ಹೊಸದಾಗಿದ್ದಾಗಲೇ 1 ಲೀಟರಿನಲ್ಲಿ 90% ಕೊಟ್ಟು ಹರಿವು ಏರಿಸಿದಂತೆ ಕುಸಿಯುತ್ತಿದ್ದಂಥವು. ಕೊಳ್ಳುವ ಮುಂಚೆ 15-20 ನಿಮಿಷ ಓಡಿಸಿ, ಹರಿವನ್ನು ಪೂರ್ತಿ 5 ಲೀಟರಿಗಿಟ್ಟು ಆಕ್ಸಿಜನ್ ಅನಲೈಸರ್ ಹಿಡಿದು ನೋಡಿ. 87ಕ್ಕಿಂತ ಕೆಳಗಿದ್ದರೆ ವಾಪಸ್ ಕೊಡಿ. ಶುದ್ಧತೆ 82% ಕೆಳಗಿಳಿದರೆ ದೀಪ ಹೊತ್ತಿ ಎಚ್ಚರಿಸುವ ಸೆನ್ಸರ್ ಇರುವ ಮಾದರಿಯನ್ನೇ ಆರಿಸಿಕೊಳ್ಳಿ. ಆ ಸೆನ್ಸರ್ ಇಲ್ಲದ ಅಗ್ಗದ ಮಾದರಿಯನ್ನು ನಾವು ಯಾರಿಗೂ ಹೇಳುವುದಿಲ್ಲ.

ಈಗ ಹರಿವಿನ ಮಾತು. ಹೆಚ್ಚು ತಪ್ಪು ನಡೆಯುವುದು ಇಲ್ಲೇ. ಮೂಗಿನ ಪೈಪಿನಲ್ಲಿ 1 ಲೀಟರ್ ಹರಿವೆಂದರೆ ಉಸಿರಿನಲ್ಲಿ ಸುಮಾರು 24% ಆಕ್ಸಿಜನ್, 2 ಲೀಟರ್ ಎಂದರೆ ಸುಮಾರು 28%. ಹೆಚ್ಚಿನವರಿಗೆ 1-2 ಲೀಟರ್ ಸಾಕಾಗುತ್ತದೆ. ಸಿಒಪಿಡಿ ಮುಂದುವರಿದವರಲ್ಲಿ ಕಾರ್ಬನ್ ಡೈಆಕ್ಸೈಡ್ ಪೂರ್ತಿ ಹೊರಹೋಗದೆ ರಕ್ತದಲ್ಲಿ ಉಳಿದಿರುತ್ತದೆ. ಇಂಥವರಿಗೆ ಆಕ್ಸಿಜನ್ ಹೆಚ್ಚು ಕೊಟ್ಟರೆ ಎರಡು ಮೂರು ದಾರಿಯಲ್ಲಿ ತೊಂದರೆ: ಗಾಳಿಯಾಡದ ಶ್ವಾಸಕೋಶದ ಭಾಗಗಳಿಗೂ ರಕ್ತ ಹರಿಯತೊಡಗಿ ವ್ಯರ್ಥವಾಗುತ್ತದೆ, ಹಿಮೋಗ್ಲೋಬಿನ್ ತಾನು ಹೊತ್ತಿದ್ದ ಕಾರ್ಬನ್ ಡೈಆಕ್ಸೈಡನ್ನು ಕೆಳಗಿಳಿಸುತ್ತದೆ, ಉಸಿರಾಟದ ವೇಗವೂ ತುಸು ಕುಗ್ಗುತ್ತದೆ. ಏರಿದ ಕಾರ್ಬನ್ ಡೈಆಕ್ಸೈಡ್ ಮಿದುಳಿನ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಬೆಳಿಗ್ಗೆ ಏಳುತ್ತಲೇ ತಲೆನೋವು, ಹಗಲೆಲ್ಲ ತೂಕಡಿಕೆ, ತಡವರಿಸುವ ಉತ್ತರ, ಅಂಗೈ ಮೇಲೆತ್ತಿ ಹಿಡಿದಾಗ ಬಡಿದುಕೊಳ್ಳುವ ನಡುಕ ಕಾಣುತ್ತದೆ. ಇನ್ನೂ ಏರಿದರೆ ಎಚ್ಚರ ತಪ್ಪುತ್ತದೆ. ಮನೆಯವರು ಇದನ್ನು ಆಕ್ಸಿಜನ್ ಸಾಲದ ಮಂಪರು ಎಂದುಕೊಂಡು 2 ಇದ್ದದ್ದನ್ನು 4ಕ್ಕೆ ಏರಿಸುತ್ತಾರೆ. ಆಕ್ಸಿಮೀಟರ್ 98 ತೋರಿಸುವುದರಿಂದ ಧೈರ್ಯವೂ ಬರುತ್ತದೆ. ಅದು ಕಾರ್ಬನ್ ಡೈಆಕ್ಸೈಡನ್ನು ಅಳೆಯುವುದೇ ಇಲ್ಲ.

ಆದ್ದರಿಂದ ಗುರಿ 98 ಅಲ್ಲ. ಕಾರ್ಬನ್ ಡೈಆಕ್ಸೈಡ್ ಉಳಿಯುವವರಿಗೆ 88ರಿಂದ 92 ಸಾಕು. 2010ರಲ್ಲಿ ಪ್ರಕಟವಾದ, ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾದಲ್ಲಿ ಆಂಬ್ಯುಲೆನ್ಸಿನೊಳಗೇ ಮಾಡಿದ ಪ್ರಯೋಗದಲ್ಲಿ, ಧಾರಾಳವಾಗಿ ಆಕ್ಸಿಜನ್ ಪಡೆದವರಿಗೆ ಹೋಲಿಸಿದರೆ ಈ ಗುರಿಯಿಟ್ಟು ಅಳೆದು ಪಡೆದ ಖಚಿತ ಸಿಒಪಿಡಿ ರೋಗಿಗಳಲ್ಲಿ ಸಾವಿನ ಅಪಾಯ 78% ಕಡಿಮೆಯಿತ್ತು. ಫ್ಲೋಮೀಟರಿನ ಗುಂಡಿನ ಮಧ್ಯಭಾಗ ಗೆರೆಯ ಮೇಲಿರಬೇಕು, ನೋಡುವಾಗ ಕಣ್ಣು ಅದರ ಮಟ್ಟಕ್ಕೆ ಬರಬೇಕು. ನಿಂತು ಮೇಲಿನಿಂದ ನೋಡಿದರೆ ಅಂಕಿ ತಪ್ಪುತ್ತದೆ. ವೈದ್ಯರು ಹೇಳಿದ ಅಂಕಿಯನ್ನು ಟೇಪಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಮಷೀನಿಗೇ ಅಂಟಿಸಿ. ಅಂಕಿ ನೆನಪಿಟ್ಟುಕೊಳ್ಳುವ ಹೊಣೆಯನ್ನು ನೆನಪು ಕುಂದಿದವರ ಮೇಲೆ ಹಾಕಬಾರದು. ನಿದ್ದೆ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್ಪು ಕೂಡ ಕಾರ್ಬನ್ ಡೈಆಕ್ಸೈಡ್ ಏರಿಸುತ್ತವೆ. ಮಷೀನು ಬಂದ ದಿನವೇ ಮನೆಯ ಔಷಧಿ ಡಬ್ಬಿ ಸುರಿದು ಅವನ್ನು ಹುಡುಕಿ ವೈದ್ಯರಿಗೆ ತೋರಿಸಿ. ಆಸ್ಪತ್ರೆಯಿಂದ ಬಂದ ಎರಡರಿಂದ ನಾಲ್ಕು ವಾರದ ಮೇಲೂ ಕಾರ್ಬನ್ ಡೈಆಕ್ಸೈಡ್ ಒತ್ತಡ 53 ಎಂಎಂ ದಾಟಿದ್ದರೆ ಆಕ್ಸಿಜನ್ ಒಂದೇ ಸಾಲದು, ರಾತ್ರಿ ಮಾಸ್ಕ್ ಹಾಕಿ ಉಸಿರಾಟಕ್ಕೆ ಒತ್ತಡದ ಗಾಳಿಯಿಂದ ನೆರವಾಗುವ ಬೈಪ್ಯಾಪ್ ಮಷೀನು ಕೂಡ ಬೇಕೇ ಎಂದು ಕೇಳಿ. 2017ರ ಬ್ರಿಟನ್ನಿನ ಪ್ರಯೋಗವೊಂದರಲ್ಲಿ ಎರಡೂ ಸೇರಿದಾಗ ಮತ್ತೆ ಆಸ್ಪತ್ರೆ ಸೇರುವುದು ಅಥವಾ ಸಾವು ಸಂಭವಿಸುವವರೆಗಿನ ಮಧ್ಯಾಂಕ (ಮೀಡಿಯನ್) ಅವಧಿ 1.4 ತಿಂಗಳಿಂದ 4.3 ತಿಂಗಳಿಗೆ ಹೋಯಿತು.

ಗಂಟೆಗಳ ಲೆಕ್ಕದಲ್ಲಿ ಮನೆಗಳು ಸಾಮಾನ್ಯವಾಗಿ ಸೋಲುತ್ತವೆ. ಸುಸ್ತಾದಾಗ ಅರ್ಧ ಗಂಟೆ ಹಚ್ಚಿ ತೆಗೆದಿಡುವುದರಿಂದ ಮಿದುಳಿಗಾಗಲಿ ಹೃದಯಕ್ಕಾಗಲಿ ಏನೂ ಸಿಗುವುದಿಲ್ಲ. 1981ರ ಬ್ರಿಟಿಷ್ ಪ್ರಯೋಗ ದಿನಕ್ಕೆ 15 ಗಂಟೆಯಲ್ಲಿ ಆಯುಷ್ಯ ಹೆಚ್ಚಿದ್ದನ್ನು ತೋರಿಸಿತು. 2024ರಲ್ಲಿ ಸ್ವೀಡನ್ನಿನಿಂದ ಬಂದ, 241 ಜನರ ಪ್ರಯೋಗದಲ್ಲಿ 24 ಗಂಟೆ ಬಳಸಿದ್ದಕ್ಕೆ 15 ಗಂಟೆಗಿಂತ ಹೆಚ್ಚಿನ ಲಾಭ ಸಿಗಲಿಲ್ಲ. ಇದು ಸಮಾಧಾನದ ಸುದ್ದಿ: ರಾತ್ರಿ ಮಲಗಿದ ಎಂಟು ಒಂಬತ್ತು ಗಂಟೆ, ಊಟವಾದ ಮೇಲಿನ ವಿಶ್ರಾಂತಿ, ಟಿವಿ ನೋಡುವ ಹೊತ್ತು ಸೇರಿಸಿದರೆ ಲೆಕ್ಕ ತುಂಬುತ್ತದೆ, ಸ್ನಾನಕ್ಕೆ, ದೇವಸ್ಥಾನಕ್ಕೆ ಸಮಯ ಉಳಿಯುತ್ತದೆ. ಮಷೀನಿನಲ್ಲಿ ಓಡಿದ ಗಂಟೆ ತೋರಿಸುವ ಮೀಟರ್ ಇರುತ್ತದೆ. ಪ್ರತಿ ಭಾನುವಾರ ಅದನ್ನು ಕ್ಯಾಲೆಂಡರಿನಲ್ಲಿ ಬರೆದು, ಹಿಂದಿನ ವಾರದ್ದನ್ನು ಕಳೆದು ಏಳರಿಂದ ಭಾಗಿಸಿ. ಮಷೀನು ಓಡುತ್ತಿದ್ದು ಪೈಪು ದಿಂಬಿನ ಮೇಲಿದ್ದರೂ ಮೀಟರ್ ಓಡುತ್ತದೆ ಎನ್ನುವುದು ಗಮನದಲ್ಲಿರಲಿ.

ಕರೆಂಟಿನ ಲೆಕ್ಕ ಹೀಗೆ. 350 ವ್ಯಾಟಿನ ಮಷೀನು ದಿನಕ್ಕೆ 15 ಗಂಟೆ ಓಡಿದರೆ 5.25 ಯೂನಿಟ್, ತಿಂಗಳಿಗೆ ಸುಮಾರು 157. ಹೆಚ್ಚಿನ ಮಾದರಿಗಳಲ್ಲಿ 1 ಲೀಟರಿಗಿಟ್ಟರೂ ಹೆಚ್ಚೂಕಡಿಮೆ ಅಷ್ಟೇ ಎಳೆಯುತ್ತದೆ. ಗೃಹಜ್ಯೋತಿಯ ಉಚಿತ ಮಿತಿ ನಿಂತಿರುವುದು ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ. 60 ಯೂನಿಟ್ ಬಳಸುತ್ತಿದ್ದ ಮನೆಗೆ ಮಷೀನು ಬಂದರೆ 200 ದಾಟಿ ಪೂರ್ತಿ ಬಿಲ್ಲು ಕಟ್ಟಬೇಕಾಗುತ್ತದೆ. ಬಿಲ್ಲಿಗೆ ಹೆದರಿ ರಾತ್ರಿ ಮಷೀನು ಆರಿಸುವ ಹಿರಿಯರಿದ್ದಾರೆ, ಈ ಮಾತನ್ನು ಅವರೊಂದಿಗೆ ಮೊದಲೇ ಆಡಿ ಮುಗಿಸಬೇಕು. ಕರೆಂಟು ಹೋದಾಗಿನ ವ್ಯವಸ್ಥೆಯೂ ಇರಬೇಕು. 150 ಎಎಚ್‌ನ ಹೊಸ ಬ್ಯಾಟರಿ ಇದನ್ನು ಸುಮಾರು ಮೂರು ಗಂಟೆ ನಡೆಸುತ್ತದೆ, ಇನ್ವರ್ಟರ್ ಪ್ಯೂರ್ ಸೈನ್ ವೇವ್ ಆಗಿರಲಿ. ಅದಕ್ಕೂ ಮೀರಿದ ಕತ್ತಲೆಗೆ ಬಿ ಟೈಪ್ ಸಿಲಿಂಡರ್: ತುಂಬಿದ್ದರೆ ಸುಮಾರು 1,500 ಲೀಟರ್, 2 ಲೀಟರ್ ಹರಿವಿನಲ್ಲಿ ಹನ್ನೆರಡು ಗಂಟೆ. ಪಂಪ್‌ಸೆಟ್ ಓಡುವ ಹೊತ್ತಿಗೆ ವೋಲ್ಟೇಜ್ ಕುಸಿಯುವ ಹಳ್ಳಿಗಳಲ್ಲಿ ಸ್ಟೆಬಿಲೈಸರ್ ಇಲ್ಲದೆ ಕಂಪ್ರೆಸರ್ ಬಾಳುವುದಿಲ್ಲ. ಫ್ರಿಜ್ಜು, ಮಿಕ್ಸಿ ಇರುವ ಎಕ್ಸ್‌ಟೆನ್ಶನ್ ಬಾಕ್ಸಿಗೆ ಇದನ್ನು ಸಿಕ್ಕಿಸಬೇಡಿ.

ದಿನನಿತ್ಯದ ತೊಂದರೆಗಳಲ್ಲಿ ಮೊದಲನೆಯದು, ಆಕ್ಸಿಜನ್‌ಗೆ ತೇವ ಸೇರಿಸಲು ಮಷೀನಿಗೆ ಜೋಡಿಸುವ ನೀರಿನ ಬಾಟಲಿ. ಮುಚ್ಚಳದ ತಿರುಪು ಓರೆಯಾಗಿ ಕೂತರೆ ಆಕ್ಸಿಜನ್ ಅಲ್ಲೇ ಸೋರಿಹೋಗುತ್ತದೆ, ಫ್ಲೋಮೀಟರ್ ಮಾತ್ರ 2 ತೋರಿಸುತ್ತಿರುತ್ತದೆ. ಪೈಪಿನ ಮೂಗಿಗೆ ಹಾಕುವ ತುದಿಯನ್ನು ಲೋಟದ ನೀರಿನಲ್ಲಿ ಅದ್ದಿ, ಗುಳ್ಳೆ ಬರದಿದ್ದರೆ ಎಲ್ಲೋ ಸೋರಿಕೆಯಿದೆ. ಡಿಸ್ಟಿಲ್ಡ್ ನೀರನ್ನೇ ಹಾಕಿ ದಿನವೂ ಬದಲಿಸಿ. ಹರಿವು 4 ಲೀಟರಿಗಿಂತ ಕಡಿಮೆಯಿದ್ದು ಮೂಗು ಒಣಗದಿದ್ದರೆ ಬಾಟಲಿಯನ್ನೇ ತೆಗೆದುಬಿಡಬಹುದು. ಮಷೀನಿನ ಸುತ್ತ ಗೋಡೆಯಿಂದ, ಪರದೆಯಿಂದ ಒಂದಡಿ ಬಿಡಿ. ಅಡುಗೆಮನೆಯ ಹೊಗೆ, ಒಗ್ಗರಣೆಯ ಎಣ್ಣೆ ಹಬೆ ಇರುವ ಕಡೆ ಇಟ್ಟರೆ ಫಿಲ್ಟರ್ ಬೇಗ ಕಟ್ಟುತ್ತದೆ. ದೇವರ ದೀಪ, ಊದುಬತ್ತಿ, ಗ್ಯಾಸ್ ಒಲೆಯಿಂದ ಮೂರು ಮೀಟರ್ ದೂರ. ಮೂಗು ಒಣಗಿತೆಂದು ವಿಕ್ಸ್, ವ್ಯಾಸಲೀನ್ ಹಚ್ಚಬಾರದು, ಎಣ್ಣೆ ಜಿಡ್ಡಿಗೆ ಆಕ್ಸಿಜನ್ ಸೇರಿದರೆ ಬೆಂಕಿ ಸುಲಭವಾಗಿ ಹತ್ತುತ್ತದೆ. ಪೈಪು ಮೂಗಿನಲ್ಲಿರುವಾಗ ಬೀಡಿ ಹಚ್ಚಿದರೆ ಮುಖವೇ ಸುಡುತ್ತದೆ. ಮರೆವಿರುವ ಬೀಡಿ ಸೇದುವವರ ಮನೆಗೆ ಮಷೀನು ತರುವ ಮುಂಚೆ ಬೆಂಕಿಪೊಟ್ಟಣ, ಲೈಟರ್ ಮನೆಯಿಂದ ಹೊರಗೆ ಹೋಗಲೇಬೇಕು.

ಹೆಗಲಿಗೆ ಹಾಕಿಕೊಳ್ಳುವ ಎರಡು ಎರಡೂವರೆ ಕೆಜಿಯ ಚಿಕ್ಕ ಮಷೀನನ್ನು ಇದರ ಬದಲಿಗೆ ಕೊಳ್ಳುವವರಿದ್ದಾರೆ. ಅದು ಉಸಿರೆಳೆದಾಗ ಮಾತ್ರ ಒಂದು ಗುಟುಕು ಆಕ್ಸಿಜನ್ ಬಿಡುತ್ತದೆ. ಅದರ ಮೇಲಿನ 2 ಎಂಬ ಅಂಕಿ 2 ಲೀಟರ್ ಅಲ್ಲ. ಹೆಚ್ಚಿನವು ನಿಮಿಷಕ್ಕೆ ಒಟ್ಟು ಒಂದು ಲೀಟರಿನ ಆಸುಪಾಸಿನಲ್ಲೇ ನಿಲ್ಲುತ್ತವೆ. ನಿದ್ದೆಯಲ್ಲಿ ಉಸಿರು ತೆಳುವಾದಾಗ, ಬಾಯಿಯಿಂದ ಉಸಿರಾಡಿದಾಗ ಅದಕ್ಕೆ ಉಸಿರು ಗೊತ್ತಾಗದೆಯೂ ಹೋಗಬಹುದು. ಆಕ್ಸಿಜನ್ ಹೆಚ್ಚು ಬೀಳುವುದು ರಾತ್ರಿಯೇ. ಹೊರಗೆ ಓಡಾಡಲು ಚಿಕ್ಕದು ಸರಿ, ಮಂಚದ ಪಕ್ಕಕ್ಕೆ ದೊಡ್ಡದೇ ಬೇಕು.

ಮಿದುಳಿಗೆ ಉಪಯೋಗವಾಯಿತೇ ಎಂದು ತಿಳಿಯಬೇಕಾದರೆ ಹಚ್ಚುವ ಮೊದಲೊಮ್ಮೆ, ಆರು ತಿಂಗಳಿಗೊಮ್ಮೆ ಪರೀಕ್ಷಿಸಿ. ಇಂಗ್ಲಿಷ್ ಪ್ರಶ್ನೆಗಳನ್ನು ಬಾಯಲ್ಲೇ ಕನ್ನಡಕ್ಕೆ ತಿರುಗಿಸಿ ಕೇಳಿದರೆ ಅಂಕಕ್ಕೆ ಬೆಲೆಯಿಲ್ಲ. ಐಸಿಎಂಆರ್ ರೂಪಿಸಿದ ನ್ಯೂರೋ ಕಾಗ್ನಿಟಿವ್ ಟೂಲ್ ಬಾಕ್ಸ್ ಕನ್ನಡದಲ್ಲೂ ಇದೆ, ನರರೋಗ ವಿಭಾಗದವರಲ್ಲಿ ಕೇಳಿ. ಮನೆಯಲ್ಲಿ ನೋಡಬಹುದಾದದ್ದು ಇನ್‌ಹೇಲರ್: ಅಲುಗಿಸಿ, ಉಸಿರು ಹೊರಬಿಟ್ಟು, ಒತ್ತುತ್ತಲೇ ನಿಧಾನಕ್ಕೆ ಎಳೆದು, ಹತ್ತು ಸೆಕೆಂಡ್ ಹಿಡಿಯುವ ಕ್ರಮದಲ್ಲಿ ಎಲ್ಲಿ ತಪ್ಪುತ್ತಾರೆ ಎಂದು ತಿಂಗಳಿಗೊಮ್ಮೆ ಗಮನಿಸಿ. ರೋಟಾಹೇಲರ್‌ಗೆ ಹಾಕಬೇಕಾದ ಕ್ಯಾಪ್ಸೂಲನ್ನು ನೀರು ಕುಡಿದು ನುಂಗುವವರೂ ಇದ್ದಾರೆ. ಇಂಥ ತಪ್ಪು ಹೆಚ್ಚುತ್ತಿದ್ದರೆ ಸ್ಪೇಸರ್ ಅಥವಾ ನೆಬುಲೈಸರ್‌ಗೆ ಬದಲಾಯಿಸುವುದು ಮಷೀನಿನಷ್ಟೇ ಮುಖ್ಯ.

ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಆಕ್ಸಿಜನ್ ಬರೆದುಕೊಟ್ಟಿದ್ದರೆ ಕೊಳ್ಳಲು ಓಡಬೇಡಿ, ಮೂರು ತಿಂಗಳು ಬಾಡಿಗೆಗೆ ತನ್ನಿ. ರೋಗ ಉಲ್ಬಣಿಸಿದಾಗ ಬಿದ್ದ ಆಕ್ಸಿಜನ್ ಎಷ್ಟೋ ಜನರಲ್ಲಿ ತಾನಾಗಿ ಏರುತ್ತದೆ. 60ರಿಂದ 90 ದಿನದೊಳಗೆ ಎಬಿಜಿ ಮತ್ತೆ ಮಾಡಿಸಿ, ಬೇಡವೆಂದಾದರೆ ಮಷೀನು ಮರಳಿಸಿ. ಬೇಕೇ ಬೇಕೆಂದಾದರೆ ಕೊಳ್ಳಿ, ಬಿಲ್ಲಿನ ಮೇಲೆ ಮೂರು ಸಂಗತಿ ಬರೆಸಿಕೊಳ್ಳಿ: 5 ಲೀಟರಿನಲ್ಲಿ ಅಳೆದ ಶುದ್ಧತೆ, ಜಿಯೋಲೈಟ್ ಉರುಳೆಗೂ ಕಂಪ್ರೆಸರಿಗೂ ವಾರಂಟಿ ಎಷ್ಟು ವರ್ಷ, ಕೆಟ್ಟರೆ ಎಷ್ಟು ಗಂಟೆಯೊಳಗೆ ಬದಲಿ ಮಷೀನು ಮನೆಗೆ ಬರುತ್ತದೆ.